ಬಿಡಿಎಸ್ ಸೀಟಿಗೆ ಇಂಟರ್‌ವ್ಯೂ ಇಲ್ಲ. ಹಾಗಾದರೆ ಆಯ್ಕೆ ಹೇಗೆ?

ನೀಟ್ ಬರೆದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪೋಷಕರ ಬಾಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಡೆಂಟಲ್ ಸೀಟಿಗೆ ಇಂಟರ್‌ವ್ಯೂ ಇರುತ್ತದಂತೆ, ಹೌದಾ? ಅಮೆರಿಕದಲ್ಲಿರುವ ನೆಂಟರು ಹೇಳಿರುತ್ತಾರೆ, ಇಲ್ಲವೇ ಯಾವುದೋ ಏಜೆಂಟ್ ಫೋನ್ ಮಾಡಿರುತ್ತಾನೆ. ಉತ್ತರ ಸರಳ. ಇಲ್ಲ. ಭಾರತದಲ್ಲಿ ಬಿಡಿಎಸ್ ಸೇರಲು ಯಾವ ಕಾಲೇಜೂ ನಿಮ್ಮ ಮಗಳನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ ಅಂಕ ಕೊಡುವುದಿಲ್ಲ. ಆಕೆಯನ್ನು ಅಳೆಯುವುದು ಮೂರು ಕಡೆ: ನೀಟ್ ರ‍್ಯಾಂಕು, ದಾಖಲೆ ಪತ್ರಗಳು, ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುವ ಆಪ್ಷನ್ ಎಂಟ್ರಿ. ಮೊದಲನೆಯದಕ್ಕೆ ಎರಡು ವರ್ಷ ಕೋಚಿಂಗ್ ಕೊಡಿಸುವ ನಾವು ಉಳಿದ ಎರಡನ್ನು ಕೊನೆಯ ವಾರದಲ್ಲಿ ಸೈಬರ್ ಸೆಂಟರ್‌ನ ಹುಡುಗನ ಕೈಗೆ ಒಪ್ಪಿಸುತ್ತೇವೆ. ಸೀಟು ಕೈತಪ್ಪುವುದು ಬಹಳ ಸಲ ಅಲ್ಲೇ.

ಹಾಗೆಂದು ಸಂದರ್ಶನದ ಅಂಕ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 1963ರಲ್ಲಿ ಆಗಿನ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಆಯ್ಕೆಗೆ ಒಂದು ನಿಯಮ ತಂದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟು ಅಂಕ ಸಂದರ್ಶನಕ್ಕೆ. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಆಟ, ಚರ್ಚಾಸ್ಪರ್ಧೆ, ನಾಟಕ ಎಲ್ಲಕ್ಕೂ ಅದರಲ್ಲಿ ಪಾಲಿತ್ತು. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಈ ವಿವಾದವೇ 1964ರ ‘ಆರ್. ಚಿತ್ರಲೇಖಾ ಮತ್ತು ಮೈಸೂರು ರಾಜ್ಯ’ ಪ್ರಕರಣ. ಸಂದರ್ಶನದ ಮೂಲಕ ಆಯ್ಕೆ ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು. ಕಾನೂನು ಒಪ್ಪಿದ್ದು ಸರಿ. ಆದರೆ ಹಳ್ಳಿಯಿಂದ ಬಂದು ಸಮಿತಿಯ ಮುಂದೆ ಬೆವರುತ್ತ ಕೂತ ಹುಡುಗನಿಗೂ, ಊಟದ ಮೇಜಿನಲ್ಲೇ ಇಂಗ್ಲಿಷ್ ಕಲಿತ ಡಾಕ್ಟರ ಮಗನಿಗೂ ‘ವ್ಯಕ್ತಿತ್ವ’ದ ಅಂಕ ಸಮನಾಗಿ ಸಿಗುತ್ತಿತ್ತೆಂದು ನಂಬುವುದು ಕಷ್ಟ.

ಆಮೇಲಿನದು ಇನ್ನೂ ಕೆಟ್ಟ ಕಾಲ: ಸೀಟಿಗೆ ಹಣ ಕೀಳುವ ಕ್ಯಾಪಿಟೇಷನ್ ಯುಗ. ಅದನ್ನು ನಿಷೇಧಿಸಿ 1984ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಪಕ್ಕದ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕದ ವಿಚಾರವಾಗಿ 1992ರಲ್ಲಿ ಮೋಹಿನಿ ಜೈನ್ ಪ್ರಕರಣದ ತೀರ್ಪು ಬಂತು. 1994ರಲ್ಲಿ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಶುರುವಾಯಿತು. 2017ರಿಂದ ದಂತವೈದ್ಯಕೀಯಕ್ಕೆ ಇಡೀ ದೇಶಕ್ಕೆ ನೀಟ್ ಒಂದೇ ಬಾಗಿಲು. ನೀಟ್ ಮೇಲೆ ದೂರುಗಳು ನೂರಿವೆ, 2024ರ ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲ ಯಾರೂ ಮರೆತಿಲ್ಲ. ಆದರೂ ಮುಖ ನೋಡಿ ಮಣೆ ಹಾಕುವ ಪದ್ಧತಿಗೆ ಹೋಲಿಸಿದರೆ ಇದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಅಂಕದ ಲೆಕ್ಕ

2025ರಿಂದ ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತವಿಜ್ಞಾನ 45, ರಸಾಯನವಿಜ್ಞಾನ 45, ಜೀವವಿಜ್ಞಾನ 90 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಂದರೆ ಅರ್ಧ ಪರೀಕ್ಷೆ ಜೀವವಿಜ್ಞಾನದ್ದೇ. ಇಬ್ಬರಿಗೆ ಸಮಾನ ಅಂಕ ಬಂದರೆ ಮೊದಲು ನೋಡುವುದೂ ಜೀವವಿಜ್ಞಾನದ ಅಂಕವನ್ನು, ಆಮೇಲೆ ರಸಾಯನ, ಆಮೇಲೆ ಭೌತ. ಅಲ್ಲೂ ತೀರದಿದ್ದರೆ ಯಾರು ಕಡಿಮೆ ತಪ್ಪು ಮಾಡಿದ್ದಾರೆ ಎಂಬ ಲೆಕ್ಕ. ಗೊತ್ತಿಲ್ಲದ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕುವವರು ಇದನ್ನು ನೆನಪಿಡಬೇಕು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಪಕ್ಕದಲ್ಲೇ ಇಂಗ್ಲಿಷ್ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ.

ಪಿಯು ಅಂಕದ ಪಾತ್ರವೇನು? ಎಂಜಿನಿಯರಿಂಗ್‌ನಲ್ಲಿ ಸಿಇಟಿ ರ‍್ಯಾಂಕಿಗೆ ಪಿಯು ಅಂಕದ ಅರ್ಧ ಸೇರುತ್ತದೆ, ಇಲ್ಲಿ ಸೇರುವುದಿಲ್ಲ. ಭೌತ, ರಸಾಯನ, ಜೀವವಿಜ್ಞಾನ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40 ಬಂದಿದ್ದರೆ ಸಾಕು. ಪಿಯುನಲ್ಲಿ ಶೇ 98 ತೆಗೆದವಳಿಗೂ ಶೇ 55 ತೆಗೆದವನಿಗೂ ಅಲ್ಲಿಂದಾಚೆ ವ್ಯತ್ಯಾಸವಿಲ್ಲ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

‘ಕ್ವಾಲಿಫೈ’ ಎಂಬ ಮಾತು ಮೋಸಗೊಳಿಸುವಂಥದ್ದು. ಸಾಮಾನ್ಯ ವರ್ಗಕ್ಕೆ 50ನೇ, ಮೀಸಲು ವರ್ಗಗಳಿಗೆ 40ನೇ ಪರ್ಸೆಂಟೈಲ್ ಬೇಕು ಎಂದರೆ ನೂರಕ್ಕೆ ಐವತ್ತು ಅಂಕ ಎಂದಲ್ಲ; ಬರೆದವರಲ್ಲಿ ಅರ್ಧ ಜನರಿಗಿಂತ ಮೇಲಿರಬೇಕು ಎಂದು. 2025ರಲ್ಲಿ ಆ ಗೆರೆ ಸಾಮಾನ್ಯ ವರ್ಗಕ್ಕೆ 720ಕ್ಕೆ 144, ಮೀಸಲು ವರ್ಗಗಳಿಗೆ 113 ಅಂಕಕ್ಕೆ ನಿಂತಿತು. ಇಷ್ಟು ಬಂದರೆ ಸರತಿಯಲ್ಲಿ ನಿಲ್ಲುವ ಅರ್ಹತೆ ಬಂತು, ಅಷ್ಟೇ. ಸರ್ಕಾರಿ ಶುಲ್ಕದ ಸೀಟು ಬೇಕೆಂದರೆ ಅಂಕ ಇದಕ್ಕಿಂತ ಬಹಳ ಮೇಲಿರಬೇಕು. ಇನ್ನೊಂದೆಡೆ, ದುಬಾರಿ ಸೀಟುಗಳು ಖಾಲಿ ಬೀಳುವುದೂ ಉಂಟು. 2020–21ರಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟು ಉಳಿದುಹೋದಾಗ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಅರ್ಹತೆಯನ್ನು 10 ಪರ್ಸೆಂಟೈಲ್ ಇಳಿಸಿ ಭರ್ತಿ ಮಾಡಲು ಹೇಳಿತು. ಹಾಗಾಗಿ ‘ಸೀಟು ಸಿಗುತ್ತದಾ’ ಎಂದು ಕೇಳುವುದಕ್ಕಿಂತ ‘ಯಾವ ಶುಲ್ಕದ ಸೀಟು ಸಿಗುತ್ತದೆ’ ಎಂದು ಕೇಳುವುದು ಜಾಣತನ.

ಯಾವ ಸೀಟು ಯಾರ ಕೈಯಲ್ಲಿ

ನೀಟ್ ನಡೆಸುವ ಎನ್‌ಟಿಎ ಸೀಟು ಹಂಚುವುದಿಲ್ಲ. ಸರ್ಕಾರಿ ಕಾಲೇಜುಗಳ ಶೇ 15 ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಎಲ್ಲ ಸೀಟು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ, ಎಂದರೆ ಎಂಸಿಸಿಯ ಕೈಯಲ್ಲಿ. ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ, ತುಮಕೂರಿನ ಸಿದ್ಧಾರ್ಥ ದಂತ ಕಾಲೇಜುಗಳು ಈ ಗುಂಪಿನವು. ಉಳಿದವು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಎಂದರೆ ಕೆಇಎಯ ಪಾಲು. ಎರಡಕ್ಕೂ ಬೇರೆ ಬೇರೆ ನೋಂದಣಿ. ನೀಟ್‌ಗೆ ಅರ್ಜಿ ಹಾಕಿದ್ದೇವೆ, ಅಲ್ಲಿಂದಲೇ ಕೆಇಎಗೆ ಹೋಗುತ್ತದೆ ಎಂದು ಸುಮ್ಮನೆ ಕೂರುವವರು ಪ್ರತಿ ವರ್ಷ ಇರುತ್ತಾರೆ. ಹೋಗುವುದಿಲ್ಲ.

ನಮ್ಮವರಿಗೆ ಹತ್ತಿರದ ಕಾಲೇಜುಗಳು ಯಾವುವು? ಚಿತ್ರದುರ್ಗದಲ್ಲೇ ಎಸ್‌ಜೆಎಂ ದಂತ ವೈದ್ಯಕೀಯ ಕಾಲೇಜಿದೆ. ದಾವಣಗೆರೆಯಲ್ಲಿ ಎರಡು: 1979ರ ಬಾಪೂಜಿ ದಂತ ಕಾಲೇಜು, 1991ರ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಶಿವಮೊಗ್ಗದಲ್ಲಿ ಶರಾವತಿ ದಂತ ಕಾಲೇಜು. ಇವೆಲ್ಲ ಖಾಸಗಿ, ಆದರೆ ಇವುಗಳಲ್ಲೂ ಸರ್ಕಾರಿ ಕೋಟಾದ ಸೀಟುಗಳಿರುತ್ತವೆ, ಅವನ್ನು ಕೆಇಎ ಹಂಚುತ್ತದೆ. ಪೂರ್ತಿ ರಾಜ್ಯ ಸರ್ಕಾರದ ಕಾಲೇಜು ಬೇಕೆಂದರೆ 1958ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಮತ್ತು ಬಳ್ಳಾರಿಯ ಸರ್ಕಾರಿ ದಂತ ಕಾಲೇಜು.

ಬಳ್ಳಾರಿ ವಿಚಾರದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ತೊಡಕಿದೆ. ಮೊಳಕಾಲ್ಮುರು ದಾಟಿದರೆ ಬಳ್ಳಾರಿ ಜಿಲ್ಲೆ, ನೆಂಟಸ್ತಿಕೆಯೂ ಬೇಕಾದಷ್ಟು. ಆದರೆ ಬಳ್ಳಾರಿ ಕಲ್ಯಾಣ ಕರ್ನಾಟಕಕ್ಕೆ ಸೇರಿದೆ, ಚಿತ್ರದುರ್ಗ ಸೇರಿಲ್ಲ. ಸಂವಿಧಾನದ 371ಜೆ ವಿಧಿಯಂತೆ ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಅಲ್ಲಿನವರಿಗೆ ಮೀಸಲು. ಉಳಿದ ಶೇ 30ರಲ್ಲಿ ನಾವು ಇಡೀ ರಾಜ್ಯದ ಜತೆ ಸ್ಪರ್ಧಿಸಬೇಕು. ಚಿತ್ರದುರ್ಗವನ್ನೇ ಮನೆ ಮಾಡಿಕೊಂಡಿದ್ದ ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಹೆಸರಿನ ದಂತ ಕಾಲೇಜು ಕಲಬುರಗಿಯಲ್ಲಿದೆ; ಅಲ್ಲೂ ದುರ್ಗದ ಹುಡುಗ ಹೊರಗಿನವನೇ. ಹತ್ತಿರ ಎಂಬ ಒಂದೇ ಕಾರಣಕ್ಕೆ ಬಳ್ಳಾರಿಯನ್ನು ನಂಬಿ ಕೂರಬೇಡಿ.

ಕಾಗದ ಪತ್ರ

ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ಭಾಗ ಇದು. ಸಂದರ್ಶನ ಇಲ್ಲದ ನಮ್ಮ ಪದ್ಧತಿಯಲ್ಲಿ ಅಭ್ಯರ್ಥಿ ಯಾರು, ಎಲ್ಲಿಯವಳು, ಹೇಗೆ ಓದಿದಳು ಎಂಬುದನ್ನು ಹೇಳುವುದು ಆಕೆಯಲ್ಲ, ದಾಖಲೆಗಳು.

ಮೊದಲನೆಯದು ಕರ್ನಾಟಕದ ಅರ್ಹತೆ. 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು ಮತ್ತು ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯು ಇಲ್ಲೇ ಪಾಸಾಗಿರಬೇಕು. ಬಹುತೇಕರಿಗೆ ಇದು ತಲೆನೋವಲ್ಲ. ಆದರೆ ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಆಂಧ್ರ ಗಡಿ ಕಾಲಡಿಯಲ್ಲೇ ಇದೆ. ಗಡಿಯಾಚೆಯ ಶಾಲೆಯಲ್ಲಿ ಕೆಲವು ವರ್ಷ ಓದಿದ ಮಕ್ಕಳು ವರ್ಷಗಳನ್ನು ಎಣಿಸಿ ನೋಡಿಕೊಳ್ಳಬೇಕು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ, ಅವರಿಗೆ ಕೆಇಎ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಗಡಿನಾಡಿನ ಪಟ್ಟಿಯಲ್ಲಿ ‘ಹೊಸದುರ್ಗ ತಾಲ್ಲೂಕು’ ಎಂದಿರುವುದನ್ನು ನೋಡಿ ನಮ್ಮವರು ಖುಷಿಪಡಬೇಕಿಲ್ಲ, ಅದು ಕಾಸರಗೋಡಿನ ಹೊಸದುರ್ಗ.

ಎರಡನೆಯದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಪ್ರತಿ ವರ್ಗದೊಳಗೂ ಶೇ 15 ಗ್ರಾಮೀಣರಿಗೆ, ಶೇ 5 ಕನ್ನಡ ಮಾಧ್ಯಮದವರಿಗೆ. ಎರಡಕ್ಕೂ ಷರತ್ತು ಒಂದೇ: 1ರಿಂದ 10ನೇ ತರಗತಿಯವರೆಗಿನ ಹತ್ತೂ ವರ್ಷ. ಒಂಬತ್ತು ವರ್ಷ ನಡೆಯುವುದಿಲ್ಲ. ಉದಾಹರಣೆಗೆ ಮತ್ತೋಡಿನಲ್ಲಿ ಏಳನೇ ತರಗತಿ ಮುಗಿಸಿ, ಒಳ್ಳೆಯ ಹೈಸ್ಕೂಲೆಂದು ಹೊಸದುರ್ಗ ಪಟ್ಟಣಕ್ಕೆ ಬಂದು ಸೇರಿದ ಹುಡುಗಿ ಗ್ರಾಮೀಣ ಕೋಟಾ ಕಳೆದುಕೊಂಡಳು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣವಲ್ಲ. ಅದೇ ಸಿರಿಗೆರೆಯಲ್ಲೇ ಹತ್ತೂ ವರ್ಷ ಓದಿದವನಿಗೆ ಅದು ಉಂಟು. ಪಿಯು ಎಲ್ಲಿ ಮಾಡಿದರೂ ತೊಂದರೆಯಿಲ್ಲ. ದಾವಣಗೆರೆಗೋ ಮೂಡುಬಿದಿರೆಗೋ ಹೋದವರ ಗ್ರಾಮೀಣ ಹಕ್ಕು ಹಾಗೇ ಉಳಿಯುತ್ತದೆ. ಕನ್ನಡ ಮಾಧ್ಯಮದ ವಿಷಯದಲ್ಲಿ ಸರ್ಕಾರಿ ಶಾಲೆ ಎಂದ ಮಾತ್ರಕ್ಕೆ ಕನ್ನಡ ಮಾಧ್ಯಮ ಎಂದುಕೊಳ್ಳುವಂತಿಲ್ಲ. ಈಗ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿವೆ. ಮಗು ಈಗ ಆರನೇ ತರಗತಿಯಲ್ಲಿದ್ದರೂ ಈ ಲೆಕ್ಕ ತಿಳಿದಿರಲಿ. ಏಳರಿಂದ ಎಂಟಕ್ಕೆ ಶಾಲೆ ಬದಲಿಸುವ ನಿರ್ಧಾರ ಐದು ವರ್ಷದ ನಂತರದ ಸೀಟನ್ನು ಬದಲಿಸುತ್ತದೆ. ಬೇಡ ಎನ್ನುತ್ತಿಲ್ಲ. ಗೊತ್ತಿದ್ದು ಮಾಡಿ.

ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಮೂರು ಶಾಲೆಯಲ್ಲಿ ಓದಿದ್ದರೆ ಮೂರು ಪತ್ರ. ಈಚೆಗೆ ಶಾಲಾ ದಾಖಲೆಯ ಸ್ಯಾಟ್ಸ್ ಸಂಖ್ಯೆಯಿಂದ ಆನ್‌ಲೈನಲ್ಲೇ ತಾಳೆ ನೋಡುವುದೂ ಬಂದಿದೆ. ಆದರೆ ಸ್ಯಾಟ್ಸ್‌ನಲ್ಲಿ ಹೆಸರು, ಮಾಧ್ಯಮ ತಪ್ಪಿದ್ದರೆ ಮತ್ತೆ ಬಿಇಒ ಕಚೇರಿಗೇ ಅಲೆದಾಟ. ಪಿಯು ಪರೀಕ್ಷೆಗೆ ಮೊದಲೇ, ಸಂಕ್ರಾಂತಿ ಹೊತ್ತಿಗೆ, ಇದನ್ನು ಮುಗಿಸಿಕೊಂಡರೆ ಒಳ್ಳೆಯದು.

ಮೂರನೆಯದು ಜಾತಿ ಮತ್ತು ಆದಾಯ ಪತ್ರ. ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಶೇ 17, ಪಂಗಡಕ್ಕೆ 7, ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ನಾಡಕಚೇರಿಯಿಂದ ಪಡೆದ ಪತ್ರದ ಆರ್‌ಡಿ ನಂಬರ್ ಅನ್ನು ಅರ್ಜಿಯಲ್ಲಿ ಹಾಕಿದಾಗ ಕೆಇಎ ಅದನ್ನು ನೇರವಾಗಿ ಪರಿಶೀಲಿಸುತ್ತದೆ. ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಬೇಕು. ಇನಿಷಿಯಲ್ ಹಿಂದೆಮುಂದೆ ಆಗಿದ್ದರೂ ಈಗಲೇ ತಿದ್ದಿಸಿ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವುದಾದರೆ ಕೆನೆಪದರದಲ್ಲಿ ಇಲ್ಲ ಎಂಬ ಪತ್ರವೂ ಬೇಕು. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಕೊಡಿ ಎಂದರೆ ಸಿಗುವುದಿಲ್ಲ. ಇನ್ನೊಂದು: ರಾಜ್ಯದ ಹಿಂದುಳಿದ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. 3ಎ, 3ಬಿಯಲ್ಲಿರುವ ಕೆಲವು ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿಲ್ಲ. ನೀಟ್ ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕುವ ಮುನ್ನ ಇದನ್ನು ನೋಡಿ.

ರೈತರ ಕೋಟಾ ಬಗ್ಗೆಯೂ ಹಲವರು ಕೇಳುತ್ತಾರೆ. ಅದು ಬಿಎಸ್ಸಿ ಕೃಷಿ, ತೋಟಗಾರಿಕೆಯಂಥ ಕೋರ್ಸುಗಳಿಗೆ. ಬಿಡಿಎಸ್‌ಗೆ ಪಹಣಿ ಹಿಡಿದು ಹೋಗುವುದು ವ್ಯರ್ಥ.

ಆಪ್ಷನ್ ಎಂಟ್ರಿ

ಕೆಇಎ ಕಂಪ್ಯೂಟರ್ ಮಾಡುವ ಕೆಲಸ ತಿಳಿದರೆ ಅರ್ಧ ಭಯ ಹೋಗುತ್ತದೆ. ಅದು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರು ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ, ಮೊದಲು ಸಿಗಬಹುದಾದ ಸೀಟನ್ನು ಕೊಟ್ಟು ಮುಂದಕ್ಕೆ ಹೋಗುತ್ತದೆ. ಮೀಸಲು ವರ್ಗದವರನ್ನೂ ಸಾಮಾನ್ಯ ಸೀಟಿಗೆ ಪರಿಗಣಿಸುತ್ತದೆ. ಹಾಗಾಗಿ ‘ಸಿಗಲಾರದು’ ಎಂದು ಬೆಂಗಳೂರಿನ ಸರ್ಕಾರಿ ಕಾಲೇಜನ್ನು ಬಿಟ್ಟು ಬರೆಯುವುದರಿಂದ ಲಾಭವಿಲ್ಲ. ಮೇಲೆ ಬರೆದರೆ ಕೆಳಗಿನದು ತಪ್ಪಿಹೋಗುವುದಿಲ್ಲ. ಇಷ್ಟದ ಕ್ರಮದಲ್ಲೇ ಬರೆಯಿರಿ. ಆದರೆ ಸೇರಲು ಮನಸ್ಸಿಲ್ಲದ, ಶುಲ್ಕ ಕಟ್ಟಲಾಗದ ಒಂದು ಆಯ್ಕೆಯೂ ಪಟ್ಟಿಯಲ್ಲಿರಬಾರದು. ಒಂದೇ ಕಾಲೇಜಿನಲ್ಲಿ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಎಂದು ಬೇರೆ ಬೇರೆ ಸಾಲುಗಳಿದ್ದು ಶುಲ್ಕ ಅಜಗಜಾಂತರ. ಕೋಡ್ ತಪ್ಪಿ ಒತ್ತಿದರೆ ಅದೇ ಸೀಟು ಬಂದು ಕುತ್ತಿಗೆಗೆ ಬೀಳುತ್ತದೆ. ಕೊನೆಯ ಸುತ್ತುಗಳಲ್ಲಿ ಬಂದ ಸೀಟು ಬಿಟ್ಟರೆ ಕಟ್ಟಿದ ಹಣವೂ ಹೋಗಬಹುದು.

ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯನ್ನು ಕೆಇಎ ತನ್ನ ಜಾಲತಾಣದಲ್ಲೇ ಹಾಕುತ್ತದೆ. ಅದರಲ್ಲಿ ಜಿಎಂ, 2ಎಜಿ, ಎಸ್‌ಟಿಆರ್‌ನಂಥ ಅಕ್ಷರಗಳಿರುತ್ತವೆ. ಕೊನೆಯ ‘ಜಿ’ ಸಾಮಾನ್ಯ, ‘ಆರ್’ ಗ್ರಾಮೀಣ, ‘ಕೆ’ ಕನ್ನಡ ಮಾಧ್ಯಮ. ‘ಎಚ್’ ಇದ್ದರೆ ಕಲ್ಯಾಣ ಕರ್ನಾಟಕ, ಅದು ನಮಗಲ್ಲ. ನಿಮ್ಮ ಸಾಲನ್ನು ಮಾತ್ರ, ಎಲ್ಲ ಸುತ್ತುಗಳಲ್ಲೂ, ನೋಡಿ.

ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಆದ ಮೇಲೆ ಪಟ್ಟಿ ತಿದ್ದಲು ಅವಕಾಶವಿರುತ್ತದೆ, ಕಡ್ಡಾಯವಾಗಿ ಬಳಸಿ. ನಿಜವಾದ ಸೀಟು ಬಂದ ಮೇಲೆ ‘ಚಾಯ್ಸ್’ ಕೇಳುತ್ತದೆ. ಒಂದು ಎಂದರೆ ಒಪ್ಪಿದೆ, ಸೇರುತ್ತೇನೆ. ಎರಡು ಎಂದರೆ ಇದು ಇರಲಿ, ಇದಕ್ಕಿಂತ ಮೇಲೆ ಬರೆದದ್ದು ಸಿಕ್ಕರೆ ಕೊಡಿ. ಮೂರು ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಎರಡನ್ನು ಒತ್ತಿದವರಿಗೆ ಮೇಲಿನದು ಸಿಕ್ಕ ಕೂಡಲೇ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಕೇಳುವಂತಿಲ್ಲ. ಎಂಬಿಬಿಎಸ್ ಆಸೆಗೆ ಕೈಯಲ್ಲಿದ್ದ ಒಳ್ಳೆಯ ಬಿಡಿಎಸ್ ಸೀಟಿಗೆ ಮೂರು ಒತ್ತುವುದು ನನ್ನ ದೃಷ್ಟಿಯಲ್ಲಿ ಜೂಜು. ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತವೆ, ಆ ವರ್ಷದ ಪ್ರಕಟಣೆಯನ್ನು ಓದದೆ ಗುಂಡಿ ಒತ್ತಬೇಡಿ. ಎಂಸಿಸಿಯಲ್ಲಿ ಎರಡನೇ ಸುತ್ತಿನಿಂದ ಸೀಟು ಪಡೆದು ಸೇರಿದವರಿಗೆ ರಾಜ್ಯದ ಸುತ್ತುಗಳ ಬಾಗಿಲು ಮುಚ್ಚುತ್ತದೆ ಎಂಬುದೂ ನೆನಪಿರಲಿ.

ಹಣಕ್ಕೆ ದಾರಿಗಳಿವೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ ಬೇರೆ. ಕೆಇಎ ಮೂಲಕ ಸೀಟು ಪಡೆದವರಿಗೇ ಇವು ಸುಲಭ.

ಯಾರೂ ಕೇಳದ ಪ್ರಶ್ನೆ

ಹೊರದೇಶಗಳ ಪದ್ಧತಿ ಬೇರೆ. ಬ್ರಿಟನ್ನಿನ ದಂತ ಕಾಲೇಜುಗಳು ಶಾಲೆಯ ಅಂಕದ ಜತೆ ಯುಕ್ಯಾಟ್ ಎಂಬ ಪರೀಕ್ಷೆಯ ಅಂಕ ನೋಡಿ ಅಭ್ಯರ್ಥಿಗಳನ್ನು ಜರಡಿ ಹಿಡಿದು, ಉಳಿದವರನ್ನು ಸಂದರ್ಶನಕ್ಕೆ ಕರೆಯುತ್ತವೆ. ಹಲವು ಕಡೆ ಅದು ಐದಾರು ನಿಮಿಷದ ತುಣುಕು ಸಂದರ್ಶನಗಳ ಸರಣಿ: ಒಂದು ಮೇಜಿನಲ್ಲಿ ಹೆದರಿದ ರೋಗಿಯನ್ನು ಸಮಾಧಾನಪಡಿಸಬೇಕು, ಇನ್ನೊಂದರಲ್ಲಿ ಕೈಚಳಕ ತೋರಿಸಬೇಕು, ಮತ್ತೊಂದರಲ್ಲಿ ‘ಯಾಕೆ ದಂತವೈದ್ಯಕೀಯ’ ಎಂಬುದಕ್ಕೆ ಉತ್ತರಿಸಬೇಕು. ಒಬ್ಬೊಬ್ಬ ಪರೀಕ್ಷಕ ಬೇರೆ ಬೇರೆ ಅಂಕ ಹಾಕುತ್ತಾನೆ. ಇಲ್ಲಿ ಬಿಡಿಎಸ್ ಮುಗಿಸಿ ಅಮೆರಿಕಕ್ಕೆ ಹೋಗುವ ನಮ್ಮ ಮಕ್ಕಳೂ ಅಲ್ಲಿನ ರಾಷ್ಟ್ರೀಯ ಪರೀಕ್ಷೆ ಪಾಸಾಗಿ, ಎರಡು ಮೂರು ವರ್ಷದ ಕೋರ್ಸಿಗೆ ಸಂದರ್ಶನ ಎದುರಿಸಬೇಕು. ಕೆಲವು ಕಾಲೇಜುಗಳು ಕೃತಕ ಹಲ್ಲಿನ ಮೇಲೆ ಕೆಲಸ ಮಾಡಿಸಿಯೂ ನೋಡುತ್ತವೆ. ನಮ್ಮಲ್ಲೂ ನೀಟ್ ನಂತರ ಸಂದರ್ಶನ ನಡೆಸುವ ಸಂಸ್ಥೆ ಇಲ್ಲದಿಲ್ಲ, ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿ. ಅದು ಎಂಬಿಬಿಎಸ್‌ಗೆ, ಸೇನೆಗಾಗಿ.

‘ಯಾಕೆ’ ಎಂದು ಕೇಳಿದ್ದರೆ ನಮ್ಮ ಜಿಲ್ಲೆಯ ಮಕ್ಕಳ ಬಳಿ ಬೇರೆಯವರಿಗಿಲ್ಲದ ಉತ್ತರವಿತ್ತು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಎಂಟು ವರ್ಷದೊಳಗೆ, ಶಾಶ್ವತ ಹಲ್ಲಿನ ಎನಾಮಲ್ ಕೂಡಿಕೊಳ್ಳುವ ಹೊತ್ತಿನಲ್ಲಿ, ಆ ನೀರು ಕುಡಿದ ಮಕ್ಕಳ ಹಲ್ಲಿಗೆ ಕಂದು ಕಲೆ ಕಟ್ಟುತ್ತದೆ, ಉಜ್ಜಿದರೆ ಹೋಗುವುದಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರು ಹಿರಿಯೂರು, ಹೊಸದುರ್ಗದ ಯಾವ ಹೈಸ್ಕೂಲಿನಲ್ಲೂ ಸಿಗುತ್ತಾರೆ. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ಸೀಮೆಯಲ್ಲಿ ಅಡಿಕೆ, ಗುಟ್ಕಾ ಜಗಿದು ಬಾಯಿ ತೆರೆಯಲಾಗದ ಸ್ಥಿತಿಗೆ ಬಂದವರಿದ್ದಾರೆ. ಇದನ್ನು ಕಂಡು ಬೆಳೆದವಳಿಗೆ ನೀಟ್ ಒಂದು ಅಂಕವನ್ನೂ ಹೆಚ್ಚಿಗೆ ಕೊಡುವುದಿಲ್ಲ.

ಹಾಗಾಗಿ ಆ ಸಂದರ್ಶನವನ್ನು ಮನೆಯಲ್ಲೇ ಮಾಡಿ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷವೇ ಮೇಣದಲ್ಲಿ ಹಲ್ಲು ಕೆತ್ತುವ ಕೆಲಸ. ಸಣ್ಣ ಕೆಲಸದಲ್ಲಿ ತಾಳ್ಮೆಯಿದೆಯೇ, ಇನ್ನೊಬ್ಬರ ಬಾಯೊಳಗೆ ಇಡೀ ದಿನ ಕೈಯಿಡಲು ಹೇಸಿಗೆಯಿಲ್ಲವೇ, ಎಂಬಿಬಿಎಸ್ ಸಿಗಲಿಲ್ಲ ಎಂಬ ಕೊರಗಿನಲ್ಲೇ ಸೇರುತ್ತಿದ್ದಾಳೆಯೇ? ಆಪ್ಷನ್ ಎಂಟ್ರಿಗೆ ಮುಂಚೆ ಒಂದು ದಿನ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದ ಮುಂದೆ ಕೂತು ಬರಲಿ. ಹೊಳಲ್ಕೆರೆಯ ಬಯಲು ಗಣಪನಿಗೆ ಕಾಯಿ ಒಡೆಯುವುದರ ಜತೆಗೆ ಇದೂ ಆಗಲಿ.

ಫಲಿತಾಂಶ ಬಂದ ವಾರದಲ್ಲಿ ನಿಮಗೊಂದು ಫೋನ್ ಬರಬಹುದು: “ನಿಮ್ಮ ಮಗ ಇಂಟರ್‌ವ್ಯೂಗೆ ಸೆಲೆಕ್ಟ್ ಆಗಿದ್ದಾನೆ, ಸೀಟು ಬ್ಲಾಕ್ ಮಾಡಲು ಇಷ್ಟು ಹಣ ಹಾಕಿ.” ಬಿಡಿಎಸ್‌ಗೆ ಇಂಟರ್‌ವ್ಯೂ ಇಲ್ಲ. ನೀಟ್ ಅರ್ಹತೆ ಇಲ್ಲದೆ ಎನ್‌ಆರ್‌ಐ ಸೀಟೂ ಸಿಗುವುದಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ಫೋನ್ ಇಡಿ, ಒಂದು ರೂಪಾಯಿಯನ್ನೂ ಕಳಿಸಬೇಡಿ.